ಹೊರಗೆ ಕುಳಿತ ಬೇಸಿಗೆ

ಆತ್ಯಾಳನ್ನು ನಾನು ಕ್ಷಮಿಸಿಲ್ಲ. ಇಂಥ ಬರವಣಿಗೆಯಲ್ಲಿ ವಯಸ್ಸಾದ ಲೇಖಕರು ತಮಗೆ ಕೆಡುಕು ಮಾಡಿದವರನ್ನು ಒಬ್ಬೊಬ್ಬರನ್ನಾಗಿ ಕ್ಷಮಿಸುತ್ತ ಹೋಗುವುದನ್ನು ಓದಿದ್ದೇನೆ. ಅದು ಅವರ ದೊಡ್ಡತನವಿರಬಹುದು. ನನ್ನಲ್ಲಿ ಆ ದೊಡ್ಡತನ ಬೆಳೆಯಲಿಲ್ಲ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಆ ಪದವಿಯ ಮಾತು ಬಂದಾಗಲೆಲ್ಲ, ಮದುವೆಯ ಮನೆಯಲ್ಲಿ, ಕುಬಸದ ಮನೆಯಲ್ಲಿ, ಒಮ್ಮೆ ಸತ್ತವರ ಮನೆಯ ಕಟ್ಟೆಯ ಮೇಲೆ ಸಹ, ಅಪ್ಪನ ತಂಗಿಯಾದ ಈ ಆತ್ಯಾ ಸೆರಗು ಸರಿಮಾಡಿಕೊಂಡು, ‘ಇಕಿನ್ನ ಕಲಿಸಿದಾಕಿ ನಾನ’ ಎಂದು ಹೇಳುತ್ತ ಬಂದಿದ್ದಾಳೆ. ಕೇಳಿದವರು ನನ್ನ ಕಡೆ ತಿರುಗುತ್ತಾರೆ. ನಾನು ತಲೆಯಾಡಿಸಲೆಂದು ಕಾಯುತ್ತಾರೆ. ಇಷ್ಟು ವರ್ಷ ತಲೆಯಾಡಿಸಿದೆ. ಇನ್ನು ಆಡಿಸುವುದಿಲ್ಲ. ನನ್ನನ್ನು ಕಲಿಸುವುದಾಗಿ ಅವಳು ಒಮ್ಮೆ ನಾಲ್ಕು ಜನರ ಎದುರಿಗೆ ಒಪ್ಪಿಕೊಂಡದ್ದು ನಿಜ. ಆ ಒಪ್ಪಿಗೆಯನ್ನು ಅವಳ ಬಾಯಿಂದ ನಾನು ಹೇಗೆ ಹೊರಡಿಸಿದೆ ಎಂಬುದು ಈ ಅಧ್ಯಾಯದ ವಿಷಯ.

ನಮ್ಮೂರು ಅಕ್ಕಲಕೋಟ ತಾಲೂಕಿನ ತಡವಳ. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಬಸ್ಸಿನಲ್ಲಿ ಸೊಲ್ಲಾಪುರದ ಆತ್ಯಾಳ ಮನೆಗೆ ಕರೆದೊಯ್ದ. ಜೊತೆಗೆ ಒಂದು ಚೀಲ ಜೋಳ, ಒಂದು ಚೀಲ ಶೇಂಗಾ. ನಾನು ವಿಜ್ಞಾನ ಓದಬೇಕೆಂದು ಹಟ ಹಿಡಿದಿದ್ದೆ. ಊರಿನಲ್ಲಿ ಅದಕ್ಕೆ ಕಾಲೇಜು ಇರಲಿಲ್ಲ. ಅಪ್ಪ ಆ ಮಾತನ್ನು ಅರ್ಜಿ ಕೊಡುವವನಂತೆ ತಗ್ಗಿದ ದನಿಯಲ್ಲಿ ತಂಗಿಯ ಮುಂದೆ ಇಟ್ಟ. ಆತ್ಯಾ ನನ್ನ ಕೈಗಳನ್ನು ತಿರುವಿ ನೋಡಿ ಉತ್ತರ ಕೊಟ್ಟಳು.

‘ಬ್ಯಾಸಗಿ ಮುಗಿಯೂತನಾ ನನಗ ಕೈಯಾಸರಾ ಆಗಲಿ, ಅಡಗಿ ಕಲೀಲಿ. ಜೂನದಾಗ ಕಾಲೇಜಿಗಿ ನಾನ ಹೆಸರ ಹಚ್ಚತೀನಿ. ಇಲ್ಲೇ ಇದ್ದು ಕಲೀಲಿ ಬಿಡು, ನಿನಗ್ಯಾಕ ಕಾಳಜಿ.’

ಅಪ್ಪನ ಕಣ್ಣು ತುಂಬಿದವು. ಅವನು ಚಹಾ ಕುಡಿದು ಮುಂದಿನ ಬಸ್ಸಿಗೆ ಹೊರಟುಹೋದ.

ಮನೆಯಲ್ಲಿ ಸಾಲಾಗಿ ಮೂರು ಕೋಣೆಗಳಿದ್ದವು. ಬೀದಿಯ ಕಡೆಯದು ಬಂದವರಿಗೆ. ಅಲ್ಲಿ ಟೀವಿ, ಕುರ್ಚಿಗಳು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಆತ್ಯಾಳ ಗಂಡ, ನಮ್ಮ ಮಾಮಾ, ಮತ್ತು ಅವನ ವೃತ್ತಪತ್ರಿಕೆ. ನಡುವಿನದರಲ್ಲಿ ಮಾಮಾನ ತಾಯಿಯ ಮಂಚ. ಮಂದ್ರೂಪದ ಕಬ್ಬಿನ ಹೊಲದಲ್ಲಿ ಬಾಳಿ ಬಂದ ಆ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮೂರನೆಯದು ಅಡುಗೆಯ ಮನೆ. ಅದರ ಹಿಂದೆ ಹಿತ್ತಲು. ಹಿತ್ತಲ ಮೂಲೆಯಲ್ಲಿ ಕಟ್ಟಿಗೆ, ಕುಳ್ಳು ಒಟ್ಟಲು ಕಟ್ಟಿಸಿದ ತಗಡಿನ ಮಾಡಿನ ಇಕ್ಕಟ್ಟಾದ ಕೋಣೆ. ಆತ್ಯಾಳ ಇಬ್ಬರು ಗಂಡುಮಕ್ಕಳು ಇಂಗ್ಲಿಷ್ ಶಾಲೆಯವರು. ತಮ್ಮೊಳಗೆ ಮರಾಠಿ ಆಡುತ್ತಿದ್ದರು. ನಾನು ಕನ್ನಡ ಪುಸ್ತಕ ತೆರೆದರೆ ಅದರ ಅಕ್ಷರಗಳನ್ನು ಜಿಲೇಬಿ ಎಂದು ಕರೆದು ನಗುತ್ತಿದ್ದರು. ಆತ್ಯಾಳೂ ಅವರ ಜೊತೆ ನಗುತ್ತಿದ್ದಳು. ಅವಳು ಸ್ವತಃ ಅದೇ ತಡವಳದ ಶಾಲೆಯಲ್ಲಿ ಅದೇ ಅಕ್ಷರ ತಿದ್ದಿದವಳು.

ಅಡುಗೆ ಕಲಿಸುವುದೆಂದರೆ ಆತ್ಯಾಳ ಅರ್ಥದಲ್ಲಿ ಅಡುಗೆಯ ಮನೆಯಿಂದ ತಾನು ಎದ್ದುಹೋಗುವುದು. ಬೆಳಿಗ್ಗೆ ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು, ಆಮೇಲೆ ಪಲ್ಯ, ಸಾರು, ಮಧ್ಯಾಹ್ನದ ಪಾತ್ರೆ, ಸಂಜೆಯ ರೊಟ್ಟಿ. ಬೇಸಿಗೆಯ ಕೆಲಸಗಳೆಲ್ಲ ಅದರ ಮೇಲೆ: ಗೋಧಿ ನೆನೆಸಿ ಹಾಲು ಹಿಂಡಿ ಕುರುಡಿಗೆ ಸಂಡಿಗೆ ಒತ್ತುವುದು, ಹಪ್ಪಳ ಲಟ್ಟಿಸಿ ಮಾಳಿಗೆಯ ಮೇಲೆ ಒಣಗಹಾಕಿ ಕಾಗೆ ಕಾಯುವುದು, ಮೆಣಸಿನಕಾಯಿ ಹುರಿದು ಕೆಮ್ಮುತ್ತ ವರ್ಷದ ಖಾರ ಕುಟ್ಟುವುದು. ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಬೇಸರ ತರಲಿಲ್ಲ. ಅವ್ವನ ಕೈಕೆಳಗೆ ಅದೆಲ್ಲವನ್ನೂ ಮಾಡಿದ್ದೆ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಒರಳಿನಲ್ಲಿ ಎಣ್ಣೆ ಬಿಡುವ ತನಕ ನಾನು ಕುಟ್ಟಿದ ಶೇಂಗಾ ಚಟ್ನಿಯನ್ನು ಆತ್ಯಾ ಡಬ್ಬಿಗಳಲ್ಲಿ ತುಂಬಿ ಕಾಲೊನಿಯ ಹೆಂಗಸರಿಗೆ ಕಳಿಸುತ್ತಿದ್ದಳು. ಅವರು ಹೊಗಳಲು ಬಂದಾಗ ನಾನು ನೀರು ಕೊಡಲು ಹೋದರೆ, ‘ಊರಿಂದ ಬಂದಾಳ, ನಮ್ಮ ಅಣ್ಣನ ಮಗಳು, ಏನೂ ಬರಂಗಿಲ್ಲ, ಕಲಸಾಕತ್ತೀನಿ’ ಎಂದು ನನ್ನೆದುರಿಗೇ ಹೇಳುತ್ತಿದ್ದಳು.

ಹಿತ್ತಲಿನ ಕಥೆಯೂ ಹಾಗೆಯೇ. ನಾನು ಹೋದಾಗ ಅಲ್ಲಿ ಒಣಗಿದ ತುಳಸಿ, ಒಂದು ಕರಿಬೇವು, ಎಲೆ ಸುರುಟಿದ ಮಲ್ಲಿಗೆಯ ಕಂಟಿ ಇಷ್ಟೇ ಇದ್ದವು. ನಳದ ನೀರು ಆ ಊರಿನಲ್ಲಿ ದಿನ ಬಿಟ್ಟು ದಿನವೂ ಬರುತ್ತಿರಲಿಲ್ಲ. ಬಂದ ದಿನ ಮನೆಯ ಲೋಟವನ್ನೂ ಬಿಡದೆ ತುಂಬಿಡಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಚೆಲ್ಲದೆ ಉಳಿಸಿ, ಅಪ್ಪ ಹೊಲದಲ್ಲಿ ಮಾಡುವಂತೆ ಹಳೆಯ ಮಣ್ಣಿನ ಗಡಿಗೆಗಳನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂಳಿ ಅವುಗಳಲ್ಲಿ ತುಂಬಿದೆ. ಗಡಿಗೆ ತಾನಾಗಿ ಬೆವರಿ ಬೇರಿಗೆ ಉಣಿಸುತ್ತದೆ. ಕೆಲವೇ ದಿನಗಳಲ್ಲಿ ಮಲ್ಲಿಗೆ ಮೊಗ್ಗು ಹಿಡಿಯಿತು. ಗೋಡೆಯ ಮಗ್ಗುಲಿಗೆ ಹೀರೆಯ ಬಳ್ಳಿ ಹಬ್ಬಿತು. ಪುಂಡಿಪಲ್ಲೆ, ಮೆಂತೆ ತಟ್ಟೆಗೆ ಬಂದವು. ಮಲ್ಲಿಗೆಯ ಮಾಲೆ ಮಾಮಾನ ಕಚೇರಿಯ ಸಾಹೇಬರ ಹೆಂಡತಿಗೆ ಹೋಗುತ್ತಿತ್ತು. ಅವರನ್ನು ಆತ್ಯಾ ಬಾಯಿಸಾಹೇಬ ಎಂದು ಕರೆಯುತ್ತಿದ್ದಳು. ಅವರ ಹೆಸರು ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಮನೆಯಲ್ಲಿ ನನ್ನನ್ನು ಉಳಿಸಿದ್ದು ಓದು. ಓಣಿಯ ತುದಿಯ ವಾಚನಾಲಯದಲ್ಲಿ ಮರಾಠಿಯ ಕಪಾಟುಗಳ ನಡುವೆ ಕನ್ನಡದ್ದೂ ಒಂದಿತ್ತು. ಮಾಮಾ ತನ್ನ ಕಾರ್ಡಿನ ಮೇಲೆ ಪುಸ್ತಕ ತಂದುಕೊಡುತ್ತಿದ್ದ. ಅವನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಆದರೂ, ಅನ್ಯಾಯವಾಗಬಾರದೆಂದು ಅದನ್ನು ಇಲ್ಲಿ ದಾಖಲಿಸುತ್ತೇನೆ. ಆದರೆ ಅವು ನನಗಾಗಿ ಬಂದ ಪುಸ್ತಕಗಳಲ್ಲ. ಕಣ್ಣಿಗೆ ಪೊರೆ ಬಂದಿದ್ದ ಆಯಿಗೆ ಕಥೆಯ ಹುಚ್ಚು. ಆ ಮನೆಯಲ್ಲಿ ಕನ್ನಡ ಓದಿ ಹೇಳಲು ನನ್ನ ಹೊರತು ಬೇರೆ ಯಾರಿಗೂ ಪುರಸೊತ್ತಿರಲಿಲ್ಲ, ಮಕ್ಕಳಿಗೆ ಬರುತ್ತಲೂ ಇರಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಸ್ವಲ್ಪ ಹೊತ್ತು ಮಂಚದ ಕೆಳಗೆ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಆಯಿಗೆ ಕಥೆಯಲ್ಲಿ ಒಂದೇ ಸಂಗತಿ ಮುಖ್ಯ: ಕೆಟ್ಟವರಿಗೆ ಏನಾಯಿತು. ಒಂದು ಕಾದಂಬರಿಯ ಕೊನೆಯಲ್ಲಿ, ತನ್ನನ್ನು ಮಕ್ಕಳ ಸಮೇತ ಬೀದಿಗೆ ಹಾಕಿದ ಮೈದುನನನ್ನು ವಿಧವೆಯೊಬ್ಬಳು ಅವನ ಮರಣಶಯ್ಯೆಯ ಬಳಿ ಕುಳಿತು ಕ್ಷಮಿಸಿ, ಬಾಯಿಗೆ ನೀರು ಬಿಡುತ್ತಾಳೆ. ಓದಿ ಮುಗಿಸಿ ನಾನು ಕಣ್ಣೊರೆಸಿಕೊಂಡೆ. ಆಯಿ ಮಂಚದ ಮೇಲೆ ಎದ್ದು ಕುಳಿತಳು.

‘ಅಷ್ಟೇನು? ಅಂವಗ ಏನೂ ಆಗಲಿಲ್ಲ?’

‘ಸತ್ತನಲ್ರಿ ಆಯಿ.’

‘ಎಲ್ಲಾರೂ ಸಾಯ್ತಾರ. ಅದೇನ ಶಿಕ್ಷಾ? ಹಿಂದಿನ ಹಾಳಿ ತಿರುವು. ಅಂವಗ ಹೊಡದದ್ದು ಎಲ್ಲ್ಯರ ಬಿಟ್ಟು ಓದೀಯೇನ ನೋಡು.’

ನಾನು ಹಿಂದಿನ ಹಾಳೆಗಳನ್ನು ನಿಜವಾಗಿಯೂ ತಿರುವಿ ನೋಡಿದೆ. ಯಾರೂ ಅವನನ್ನು ಹೊಡೆದಿರಲಿಲ್ಲ. ಆಯಿ ಆ ಪುಸ್ತಕವನ್ನು ಅಂದೇ ವಾಪಸು ಕಳಿಸಿದಳು. ನಾನು ಮುಂದೆ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ. ಪುಸ್ತಕವೊಂದನ್ನು ಅಷ್ಟು ನೇರವಾಗಿ ತೂಗಿದವರು ಕಡಿಮೆ.

ಇನ್ನು ಆ ಮನೆಯ ಪದ್ಧತಿಯ ಮಾತು. ತಡವಳದ ನಮ್ಮ ಮನೆಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಹೊರಗೆ ಕೂರುವ ಆಚರಣೆ ಇರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಇಲ್ಲವೆಂದು ಅವ್ವ ಹೇಳಿಕೊಟ್ಟಿದ್ದಳು; ಆ ದಿನಗಳಲ್ಲೂ ನಾವು ರೊಟ್ಟಿ ಬಡಿಯುತ್ತಿದ್ದೆವು, ದೇವರ ದೀಪ ಹಚ್ಚುತ್ತಿದ್ದೆವು, ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಿದ್ದೆವು. ಹೀಗಾಗಿ ಆತ್ಯಾಳ ಮನೆಯಲ್ಲಿ ಮೊದಲ ಸಲ ಮುಟ್ಟಾದಾಗ ನಾನು ಯಾರಿಗೂ ಹೇಳದೆ ಎಂದಿನಂತೆ ಅಡುಗೆ ಮಾಡಿದೆ. ಹಿತ್ತಲಿನ ಹಗ್ಗದ ಮೇಲೆ ಒಣಗಹಾಕಿದ್ದ ಬಟ್ಟೆ ಆತ್ಯಾಳ ಕಣ್ಣಿಗೆ ಬಿತ್ತು. ಅವಳು ಬುಟ್ಟಿಯ ರೊಟ್ಟಿಯನ್ನೆಲ್ಲ ಬೀದಿಯ ದನದ ಮುಂದೆ ಸುರುವಿ ಬಂದಳು. ಪಲ್ಯವನ್ನು ಮೋರಿಗೆ ಚೆಲ್ಲಿದಳು. ನನ್ನ ರೆಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು, ತನ್ನ ಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ತೊಟ್ಟ ಬಟ್ಟೆಯ ಮೇಲೆಯೇ ತಲೆಯಿಂದ ನೀರು ಸುರಿದಳು. ಗಿಡಗಳಿಗೆ ಕೂಡ ಎಣಿಸಿ ಹಾಕುತ್ತಿದ್ದ ನೀರು ಅದು. ಗೋಡೆಯಾಚೆಯ ಮನೆಯವರಿಗೆ ಕೇಳುವಂತೆ ಬೈದಳು. ಆ ದನಿಯಲ್ಲಿ ಅರ್ಧ ನನಗಾಗಿ, ಅರ್ಧ ಗೋಡೆಯಾಚೆಯವರಿಗಾಗಿ ಎಂಬುದು ಆಗಲೇ ನನಗೆ ತಿಳಿಯಿತು. ನಡುಕೋಣೆಯಿಂದ ಆಯಿ ಕೂಗಿದಳು.

‘ಏ ಬಾಯಿ, ನಮಗೆಲ್ಲೀದ ಮೈಲಿಗಿ? ಕಬ್ಬು ಕಡಿಯೂ ಮುಂದ ಮಂದ್ರೂಪದಾಗ ಯಾರು ಹೊರಗ ಕುಂತಿದ್ರು? ಹಂಗ ಕುಂತಿದ್ರ ಕಬ್ಬು ನಿಮ್ಮಪ್ಪ ಬಂದು ಕಡೀತಿದ್ನೇನು?’

‘ಆಯಿ, ಇದು ಮಂದ್ರೂಪ ಅಲ್ಲರಿ. ಇಲ್ಲಿ ಎಲ್ಲಾರ ಮನ್ಯಾಗ ಪಾಳಸ್ತಾರ. ಬಾಯಿಸಾಹೇಬರಿಗಿ ತಿಳದ್ರ ನಮ್ಮ ಮನೀ ನೀರರ ಕುಡೀತಾರೇನು?’

ಆ ಕಾಲೊನಿಗೆ ಬಂದ ಹೊಸದರಲ್ಲಿ ಯಾರೋ ಆತ್ಯಾಳನ್ನು, ‘ನಿಮ್ಮಲ್ಲಿ ಪಾಲಿಸುವುದಿಲ್ಲವಂತೆ, ಹೌದೇ’ ಎಂದು ಮೂಗು ಮುರಿದು ಕೇಳಿದ್ದರಂತೆ. ಅಂದಿನಿಂದ ಅವಳು ಈ ಪದ್ಧತಿಯನ್ನು ತವರಿನಿಂದಲೇ ತಂದವಳಂತೆ ಹಿಡಿದುಕೊಂಡಳು. ಇದನ್ನು ನನಗೆ ಹೇಳಿದವಳು ಆಯಿ. ಕಾರಣ ತಿಳಿದರೆ ಸಿಟ್ಟು ಇಳಿಯುತ್ತದೆಂದು ಹೇಳುವುದನ್ನು ಕೇಳಿದ್ದೇನೆ. ನನ್ನದು ಇಳಿಯಲಿಲ್ಲ, ಎಲ್ಲಿ ಮುಟ್ಟಿದರೆ ಅವಳಿಗೆ ನೋಯುತ್ತದೆ ಎಂಬುದು ಮಾತ್ರ ತಿಳಿಯಿತು.

ಮೂರು ದಿನ ಆ ತಗಡಿನ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ, ಗಿಡ ಮುಟ್ಟುವಂತಿಲ್ಲ. ಊಟದ ತಾಟನ್ನು ಹೊಸ್ತಿಲಿನಾಚೆ ಇಟ್ಟು ಕೋಲಿನಿಂದ ಒಳಗೆ ಸರಿಸುತ್ತಿದ್ದಳು. ಮಾಡು ಕಾದು ಕೋಣೆ ಬಾಣಲೆಯಂತಾಗುತ್ತಿತ್ತು. ನಾನು ಓದುತ್ತಿದ್ದ ಪುಸ್ತಕವನ್ನು ತಂದುಕೊಡೆಂದು ಕೇಳಿದಾಗ ಆತ್ಯಾ, ಪುಸ್ತಕವೆಂದರೆ ಸರಸ್ವತಿ, ಈ ದಿನಗಳಲ್ಲಿ ಮುಟ್ಟಬಾರದು ಎಂದಳು. ಆಯಿ ಗೋಡೆ ಹಿಡಿದುಕೊಂಡು ಹಿತ್ತಲವರೆಗೆ ನಡೆದು ಬಂದಳು; ಪುಸ್ತಕ ಅವಳ ಬಗಲಲ್ಲಿತ್ತು.

‘ವಾಚನಾಲಯದ ಪುಸ್ತಕ ಅದ ಇದು. ಊರ ಮಂದೀನೆಲ್ಲಾ ಮುಟ್ಟಿ ಬಂದದ. ಅವರೊಳಗ ಯಾರ್ಯಾರು ಹೊರಗಿದ್ರು ಅಂತ ನೀ ಕೇಳಿ ತರಸೀಯೇನು?’

ಆತ್ಯಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಹೀಗೆ ವಾಚನಾಲಯದ ಪುಸ್ತಕಕ್ಕೆ ಮೈಲಿಗೆಯಿಲ್ಲವೆಂದು ತೀರ್ಮಾನವಾಯಿತು. ಆ ಬೇಸಿಗೆಯಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಯಾರೂ ಕರೆಯದೆ, ಎದ್ದುಹೋಗದೆ, ಮನಸಾರೆ ಓದಿದ ದಿನಗಳು ಅವು. ನನ್ನನ್ನು ಅವಮಾನಿಸಲು ಹಾಕಿದ ಚಾಪೆಯ ಮೇಲೆ ನಾನು ಸುಖವಾಗಿದ್ದೆ; ಆ ಸುಖವನ್ನು ಮುಖದ ಮೇಲೆ ಕಾಣಗೊಡಲಿಲ್ಲ.

ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬಂದೆ. ಆ ರಾತ್ರಿಯ ಊಟದಲ್ಲಿ, ನಾನು ಬಿಸಿ ರೊಟ್ಟಿ ತಂದು ಬಡಿಸುತ್ತಿರುವಾಗ, ಆತ್ಯಾ ಮಾಮಾನಿಗೆ ಹವೆಯ ಮಾತಾಡುವಷ್ಟು ಸಹಜವಾಗಿ ಹೇಳಿದಳು.

‘ಇಕಿನ್ನ ಕಾಲೇಜಿಗಿ ಹಾಕೂದೇನ ಬ್ಯಾಡ ಬಿಡ್ರಿ. ಮನ್ಯಾಗ ಕೆಲಸ ಸುದ್ದ ಮಾಡತಾಳ. ಎರಡ ವರ್ಷ ಬಿಟ್ಟು ಸತರಾ ನಂಬರ ತುಂಬಿ ಬಾರಾವಿ ಕೂಡಸಿದ್ರಾತು. ಅಷ್ಟರಾಗ ಒಂದ ಚಲೋ ಸ್ಥಳ ನೋಡಿದ್ರಾತು.’

ಸ್ಥಳವೆಂದರೆ ಗಂಡಿನ ಮನೆ. ಸತರಾ ನಂಬರ್ ಎಂದರೆ ಕಾಲೇಜಿಗೆ ಹೋಗದೆ ಹೊರಗಿನಿಂದ ಹನ್ನೆರಡನೆಯ ಪರೀಕ್ಷೆ ಕಟ್ಟುವ ದಾರಿ. ವಿಜ್ಞಾನಕ್ಕೆ ಆ ದಾರಿ ಇಲ್ಲ. ಪ್ರಯೋಗಶಾಲೆಯನ್ನು ಮನೆಯಲ್ಲಿ ಕುಳಿತು ಮಾಡಲಾಗುವುದಿಲ್ಲ. ಮಾಮಾ ತಲೆಯೆತ್ತಲಿಲ್ಲ, ಇನ್ನಷ್ಟು ಸಾರು ಕೇಳಿದ. ನಾನು ಸಾರು ಬಡಿಸಿದೆ. ಅಪ್ಪನಿಗೆ ಕೊಟ್ಟ ಮಾತು ಏನಾಯಿತೆಂದು ಆತ್ಯಾಳನ್ನು ಕೇಳಿದೆ. ನಿಮ್ಮಪ್ಪಗ ನಾ ಹೇಳತೀನಿ, ನೀ ರೊಟ್ಟಿ ನೋಡು, ಸೀಯಾಕತ್ತಾವ ಎಂದಳು. ಅಪ್ಪ ಅವಳ ಮಾತನ್ನು ಮೀರುವವನಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಓದುತ್ತ ಒಂದೇ ಸಾಲನ್ನು ಎರಡು ಸಲ ಓದಿದೆ. ಆಯಿ ಪುಸ್ತಕ ಮುಚ್ಚಿಸಿ ಎಲ್ಲ ಕೇಳಿಕೊಂಡಳು. ಮಗನಿಗೆ ಹೇಳಿ ಪ್ರಯೋಜನವಿಲ್ಲವೆಂದಳು. ತನ್ನ ಮಾತಿಗೆ ಆ ಮನೆಯಲ್ಲಿ ಈಗ ಬೆಲೆಯಿಲ್ಲವೆಂದೂ ಹೇಳಿದಳು, ಅದನ್ನು ಹೇಳುವಾಗ ದನಿಯಲ್ಲಿ ದುಃಖವೇನೂ ಇರಲಿಲ್ಲ. ಆಮೇಲೆ ನನ್ನ ಗದ್ದ ಹಿಡಿದೆತ್ತಿದಳು.

‘ಮನ್ಯಾಗ ಅತ್ರ ಅಕಿ ಕೇಳಂಗಿಲ್ಲ. ಮಂದಿ ಮುಂದ ಹಿಡಿ ಅಕಿನ್ನ. ಮಂದಿ ಮುಂದ ಅಕಿ ಬ್ಯಾರೇನ ಆಗತಾಳ, ನೋಡೀಯಿಲ್ಲೋ?’

ನೋಡಿದ್ದೆ. ಆದರೆ ಏನನ್ನು ಹಿಡಿದು ಹಿಡಿಯಬೇಕೆಂಬುದು ತಿಳಿದಿರಲಿಲ್ಲ.

ಅಕ್ಷಯ ತೃತೀಯಾದ ದಿನ ಆತ್ಯಾ ಮನೆಯಲ್ಲಿ ಚೈತ್ರಗೌರಿಯ ಹಳದಿ-ಕುಂಕು ಇಟ್ಟುಕೊಂಡಳು. ಇದೂ ಅವಳು ಕಾಲೊನಿಯಲ್ಲಿ ನೋಡಿ ಕಲಿತದ್ದು. ಮುತ್ತೈದೆಯರನ್ನು ಕರೆದು, ತೊಟ್ಟಿಲಲ್ಲಿ ಕೂರಿಸಿದ ಗೌರಿಯ ಮುಂದೆ ಅರಿಶಿನ ಕುಂಕುಮ ಹಚ್ಚಿ, ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆಯ ಡಾಳಿಯನ್ನೂ ಬೆಲ್ಲ ಬೆರೆಸಿದ ಮಾವಿನಕಾಯಿಯ ಪನ್ಹೆಯನ್ನೂ ಕೊಡಬೇಕು. ಈ ಸಲ ಬಾಯಿಸಾಹೇಬರು ಬರಲು ಒಪ್ಪಿದ್ದರು. ಆತ್ಯಾ ವಾರದಿಂದ ನೆಲದ ಮೇಲೆ ಕಾಲಿಡಲಿಲ್ಲವೆಂದರೆ ಅತಿಶಯವಾಗಲಾರದು. ಬೇಳೆ ನೆನೆಹಾಕಿದ್ದು ನಾನು, ಮಾವಿನಕಾಯಿ ಬೇಯಿಸಿ ಹಿಂಡಿ ಏಲಕ್ಕಿ ಕುಟ್ಟಿದ್ದು ನಾನು, ಹಿತ್ತಲಿನ ಮಲ್ಲಿಗೆ ಕಟ್ಟಿ ಗೌರಿಯ ತೊಟ್ಟಿಲಿಗೆ ಇಳಿಬಿಟ್ಟಿದ್ದು ನಾನು. ಬೇಳೆಯನ್ನು ತರಿತರಿಯಾಗಿ ರುಬ್ಬಿ ಮುಗಿಸುವ ಹೊತ್ತಿಗೆ ಹೊಟ್ಟೆಯಲ್ಲಿ ಹಿಡಿದಂತಾಯಿತು. ಹಿತ್ತಲಿಗೆ ಹೋಗಿ ನೋಡಿದೆ. ನಾನು ಹೊರಗಾಗಿದ್ದೆ, ದಿನ ತುಂಬುವ ಮೊದಲೇ.

ಆಗ ನನ್ನಲ್ಲಿ ಸೇಡಿನ ವಿಚಾರವಿರಲಿಲ್ಲ, ಇದ್ದದ್ದು ಬರೀ ಹೆದರಿಕೆ. ದನದ ಮುಂದೆ ಬಿದ್ದ ರೊಟ್ಟಿಗಳು ಕಣ್ಣ ಮುಂದೆ ಬಂದವು. ನಡುಕೋಣೆಯಲ್ಲಿ ಆತ್ಯಾ ರೇಷ್ಮೆ ಸೀರೆಯ ನಿರಿಗೆ ಹಿಡಿಯುತ್ತಿದ್ದಳು, ಆಯಿ ಮಂಚದ ಮೇಲೆ ಮಗ್ಗುಲಾಗಿದ್ದಳು. ನಾನು ಬಾಗಿಲಲ್ಲೇ ನಿಂತು, ಹೊರಗಾಗಿದ್ದೇನೆಂದು ಹೇಳಿದೆ. ಆತ್ಯಾಳ ಕಣ್ಣು ನನ್ನನ್ನು ದಾಟಿ ಅಡುಗೆಯ ಮನೆಯ ದೊಡ್ಡ ಪಾತೇಲಿಯ ಮೇಲೆ ಹೋಗಿ ನಿಂತಿತು. ಅವಳು ಬಂದು ನನ್ನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಮುಟ್ಟಿ ಎಳೆದುಕೊಂಡಳು.

‘ಯಾರಿಗಿ ಹೇಳೀದಿ?’

‘ಯಾರಿಗೂ ಇಲ್ಲರಿ.’

‘ಹೇಳಬ್ಯಾಡ. ಮಾರಿ ತೊಳಕೊಂಡು ಒಗ್ಗರಣಿ ಹಾಕು, ಹೊತ್ತಾತು.’

‘ಆತ್ಯಾ, ಬ್ಯಾಳಿ ಎಲ್ಲಾ ನಾ ಮುಟ್ಟೀನ್ರಿ. ಗೌರಿ ಮಾಲೀನೂ.’

‘ಏನೂ ಆಗಂಗಿಲ್ಲ ಅದಕ್ಕ. ಹೊತ್ತ ನೋಡಿ ಮಾತಾಡು.’

ಏನೂ ಆಗುವುದಿಲ್ಲವಂತೆ. ನಾನು ಹೋಗಿ ಎಣ್ಣೆ ಕಾಯಿಸಿದೆ. ಸಾಸಿವೆ ಸಿಡಿದು, ಇಂಗು ಅರಳಿ, ಕರಿಬೇವು ಚಟಪಟ ಎಂದು ಬಾಡುವಷ್ಟರಲ್ಲಿ ಹೆದರಿಕೆ ಪೂರಾ ಹೋಗಿತ್ತು. ಆತ್ಯಾ ನಂಬಿದ್ದರೆ, ಆ ಪಾತೇಲಿಯನ್ನು ಮೋರಿಗೆ ಸುರಿದು ಬಂದವರಿಗೆ ಸಕ್ಕರೆ ಕೊಟ್ಟು ಕಳಿಸಿದ್ದರೆ, ನಾನು ಇವತ್ತಿಗೂ ಅವಳನ್ನು ಒಂದು ರೀತಿಯಲ್ಲಿ ಗೌರವಿಸುತ್ತಿದ್ದೆ. ಅವಳು ನಂಬಿರಲೇ ಇಲ್ಲ. ನಂಬದ ಮೈಲಿಗೆಗಾಗಿ ನನ್ನ ತಲೆಯ ಮೇಲೆ ನೀರು ಸುರಿದಿದ್ದಳು. ಒಗ್ಗರಣೆಯನ್ನು ಬೇಳೆಯ ಮೇಲೆ ಹಾಕಿ ಕೈಯಿಂದಲೇ ಕಲಸಿದೆ, ಮೊಣಕೈವರೆಗೆ ಮುಳುಗುವಂತೆ, ಬೇಕೆಂದೇ.

ಸಂಜೆಯ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಗೋಡೆಯಾಚೆಯ ಮನೆಯವರು, ಕಾಲೊನಿಯ ಹಿರಿಯ ಹೆಂಗಸರು, ನಡುವಿನ ಕುರ್ಚಿಯಲ್ಲಿ ಬಾಯಿಸಾಹೇಬರು. ಮಾತೆಲ್ಲ ಮರಾಠಿಯಲ್ಲಿ ನಡೆದಿತ್ತು. ಬಾಯಿಸಾಹೇಬರು ಡಾಳಿಯನ್ನು ತಿಂದು, ಮತ್ತೆ ಹಾಕಿಸಿಕೊಂಡು, ಇಷ್ಟು ರುಚಿಯಾಗಿ ಯಾರು ಮಾಡಿದ್ದೆಂದು ಕೇಳಿದರು. ತಾನೇ ಎಂದು ಆತ್ಯಾ ನಾಚಿಕೊಂಡಳು. ನಡುಕೋಣೆಯ ಬಾಗಿಲಲ್ಲಿ ಕುಳಿತಿದ್ದ ಆಯಿ, ಯಾರನ್ನೂ ನೋಡದೆ, ಕಸ್ತೂರಿನೂ ಮಾಡ್ಯಾಳಲ್ಲ ಎಂದಳು. ಕಸ್ತೂರಿ ಯಾರೆಂದು ಬಾಯಿಸಾಹೇಬರು ಕೇಳಿದರು. ನಾನು ಪನ್ಹೆಯ ತಾಟು ಹಿಡಿದುಕೊಂಡು ಮುಂದೆ ಬಂದು ಹೆಸರು, ಊರು ಹೇಳಿದೆ. ಅವರ ಮುಖ ಅರಳಿತು.

‘ತಡವಳದಾಕೀ ಏನ? ನನ್ನ ತವರಮನಿ ಅಕ್ಕಲಕೋಟನ. ಇಷ್ಟ ವರ್ಷ ಆತು, ಈ ಮನಿಯವರ್ಯಾರೂ ನನ್ನ ಕೂಡ ಕನ್ನಡ ಮಾತಾಡೇ ಇಲ್ಲ ನೋಡು.’

ಆತ್ಯಾ ಅವರ ಮುಂದೆ ಕನ್ನಡವನ್ನು ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದಳು. ಕುಂಕುಮದ ಬಟ್ಟಲು ಹಿಡಿದು ನಿಂತ ಅವಳ ಮುಖ ನೋಡಿ ನನಗೆ ಬಂದ ಸಂತೋಷದ ರುಚಿ ಇನ್ನೂ ಬಾಯಲ್ಲಿದೆ. ಬಾಯಿಸಾಹೇಬರು ಬೇಳೆ ರುಬ್ಬಿದ್ದು ನೀನೇ ಏನು ಎಂದರು.

‘ಹೌದ್ರಿ. ನೆನಿ ಹಾಕಿದ್ದರಿಂದ ಒಗ್ಗರಣಿ ತನಕ ಎಲ್ಲಾ ನಾನ ಮುಟ್ಟಿ ಮಾಡೀನ್ರಿ. ರುಬ್ಬಾಕತ್ತಾಗ ಒಂದ ಮಾತ ಆತ್ರಿ.’

ಅಲ್ಲಿಗೆ ನಿಲ್ಲಿಸಿದೆ.

‘ಏನ ಆತು?’

‘ಆತ್ಯಾಗ ಗೊತ್ತದರಿ. ಆತ್ಯಾ, ಹೇಳಲೇನ್ರಿ?’

ಆತ್ಯಾ ನನ್ನನ್ನು ನೋಡಿದಳು. ಅವಳ ಕೈಯ ಬಟ್ಟಲಿನಿಂದ ಕುಂಕುಮ ನೆಲದ ಮೇಲೆ ಉದುರಿದ್ದು ಅವಳಿಗೆ ಗೊತ್ತಾಗಲಿಲ್ಲ. ಬಾಯಿಸಾಹೇಬರ ಕೈಯಲ್ಲಿ ಡಾಳಿಯ ದೊನ್ನೆ ಇನ್ನೂ ಇತ್ತು. ನಾನು ಅವಸರ ಮಾಡಲಿಲ್ಲ. ಅವಳು ಅದನ್ನು ಪೂರ್ತಿ ಅನುಭವಿಸಲಿ ಎಂದು ಪನ್ಹೆಯ ಒಂದೊಂದೇ ಲೋಟವನ್ನು ಕೊಡುತ್ತ ಬಂದೆ. ಕೊನೆಯ ಲೋಟ ಕೊಟ್ಟ ಮೇಲೆ ಹೇಳಿದೆ.

‘ಜೂನದಾಗ ನನ್ನ ಹೆಸರು ಸೈನ್ಸಿಗಿ ಹಚ್ಚತೀನಿ ಅಂದಾರ್ರಿ ಆತ್ಯಾ. ಇಲ್ಲೇ ಇದ್ದು ದಿನಾ ಕಾಲೇಜಿಗಿ ಹೋಗು ಅಂದಾರ. ಹೌದಲ್ಲರಿ ಆತ್ಯಾ?’

‘ಹೌದು’ ಎಂದಳು ಆತ್ಯಾ. ದನಿ ಏಳಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ‘ಹೌದು. ಹಚ್ಚತೀನಿ.’

ಬಾಯಿಸಾಹೇಬರು ಆತ್ಯಾಳ ಕೈ ಹಿಡಿದು ಹೊಗಳಿದರು. ಅಣ್ಣನ ಮಗಳನ್ನು ಮನೆಯಲ್ಲಿಟ್ಟುಕೊಂಡು ವಿಜ್ಞಾನ ಓದಿಸುವವರು ಎಷ್ಟು ಜನರಿದ್ದಾರೆಂದು ಉಳಿದವರಿಗೆ ಮರಾಠಿಯಲ್ಲಿ ತಿರುಗಿ ಹೇಳಿದರು. ತಮ್ಮ ನಾದಿನಿ ವಿಜ್ಞಾನದ ಕಾಲೇಜೊಂದರಲ್ಲಿ ಕಲಿಸುತ್ತಾಳೆ, ಅಲ್ಲಿಗೇ ಹೆಸರು ಹಚ್ಚಿ, ಹುಡುಗಿ ಬಂದಳೋ ಇಲ್ಲವೋ ಎಂದು ತಾವೇ ಕೇಳಿ ತಿಳಿದುಕೊಳ್ಳುವುದಾಗಿ ಹೇಳಿ, ಇನ್ನೊಂದಿಷ್ಟು ಡಾಳಿಯನ್ನು ಮನೆಗೆ ಕಟ್ಟಿಸಿಕೊಂಡು ಹೋದರು. ‘ಇಕಿನ್ನ ಕಲಿಸಿದಾಕಿ ನಾನ’ ಎಂಬ ಮಾತು ಹುಟ್ಟಿದ್ದು ಆ ಸಂಜೆ, ಆ ಕೋಣೆಯಲ್ಲಿ, ಹೀಗೆ.

ಕೊನೆಯವರು ಹೊಸ್ತಿಲು ದಾಟಿದೊಡನೆ ನಾನು ಹಿತ್ತಲ ಕೋಣೆಗೆ ಹೋಗಿ ಚಾಪೆ ಹಾಸಿಕೊಂಡೆ. ಸ್ವಲ್ಪ ಹೊತ್ತಿಗೆ ಆತ್ಯಾ ರೇಷ್ಮೆ ಸೀರೆಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

‘ಏಳು. ಭಾಂಡಿ ಹಂಗೇ ಬಿದ್ದಾವ.’

‘ನಾ ಹೊರಗಾಗೀನ್ರಿ.’

‘ಮಧ್ಯಾಹ್ನ ಒಳಗ ಇದ್ದೀ. ಈಗೇನ ಹೊರಗ?’

‘ಮಧ್ಯಾಹ್ನ ಮಂದಿ ಬರಾವರಿದ್ರಲ್ಲರಿ.’

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಹೊಡೆಯುತ್ತಾಳೆಂದುಕೊಂಡೆ. ಗೋಡೆಯಾಚೆ ಯಾರೋ ನೀರು ಚೆಲ್ಲಿದ ಸದ್ದಾಯಿತು. ಅವಳು ಆ ಕಡೆ ನೋಡಿ ದನಿ ಇಳಿಸಿದಳು.

‘ಖರೇನ ಹೇಳಾಕಿದ್ದೇನು? ಅವರ ಮುಂದ?’

‘ಹೇಳತಿದ್ದೆ.’

ಅವಳು ಒಳಗೆ ಹೋದಳು. ಆಮೇಲೆ ಪಾತ್ರೆ ತಿಕ್ಕುವ ಸದ್ದು ಕೇಳಿತು.

ಆ ಮೂರು ದಿನ ನಾನು ಪದ್ಧತಿಯನ್ನು ಅಕ್ಷರಶಃ ಪಾಲಿಸಿದೆ. ಒಲೆ ಮುಟ್ಟಲಿಲ್ಲ, ಕೊಡ ಮುಟ್ಟಲಿಲ್ಲ, ಗಿಡ ಮುಟ್ಟಲಿಲ್ಲ. ಮಾಮಾ ತಂದ ಹೊಸ ಕಾದಂಬರಿ ದಪ್ಪವಾಗಿತ್ತು. ಬೆನ್ನನ್ನು ಗೋಡೆಗೆ ಕೊಟ್ಟು ಕಾಲು ಚಾಚಿ ಓದಿದೆ. ಬೇಸಿಗೆಯ ಕೊನೆಯ ಬಿಸಿಲು ತಗಡನ್ನು ಕಾಯಿಸುತ್ತಿತ್ತು; ಅಡುಗೆಯ ಮನೆಯಲ್ಲಿ ಒಲೆಯ ಹೊಗೆಗೆ ಕೆಮ್ಮುತ್ತ ಆತ್ಯಾ ರೊಟ್ಟಿ ಬಡಿಯುವ ಸದ್ದು ನನ್ನವರೆಗೆ ಬರುತ್ತಿತ್ತು, ಬಡಿತ ತಪ್ಪಿ ತಪ್ಪಿ. ಅಭ್ಯಾಸ ಬಿಟ್ಟುಹೋಗಿತ್ತು ಅವಳಿಗೆ. ಸಂಜೆ ಸೊಂಟಕ್ಕೆ ಸೆರಗು ಕಟ್ಟಿ ಕೊಡ ಹೊತ್ತು ಗಿಡಗಳ ನಡುವೆ ಓಡಾಡುತ್ತಿದ್ದಳು. ಯಾವ ಗಡಿಗೆ ಬರಿದಾಗಿದೆ, ಯಾವ ಬಳ್ಳಿಗೆ ಆಸರೆ ಜಾರಿದೆ ಎಂದು ನಾನು ಪುಸ್ತಕದಿಂದ ಕಣ್ಣೆತ್ತದೆ ಹೇಳುತ್ತಿದ್ದೆ. ಅವಳು ಹೋಗಿ ಬಗ್ಗುತ್ತಿದ್ದಳು. ಕಡೆಯ ದಿನ ಮಧ್ಯಾಹ್ನ ಅವಳು ತಾಟು ತಂದು ಹೊಸ್ತಿಲಿನಾಚೆ ಇಟ್ಟಳು. ಕೋಲು ಇರಲಿಲ್ಲ, ಕೈಯಿಂದಲೇ ಒಳಗೆ ಸರಿಸಿದಳು. ಮುಖ ಬೆಂಕಿಯ ಝಳಕ್ಕೆ ಕೆಂಪಾಗಿತ್ತು, ಹಿಟ್ಟು ಹಣೆಗೆ ಹತ್ತಿತ್ತು. ಅವಳು ಮರಳಿ ಹೋಗಿ ಒಲೆ ಆರಿಸಿ, ಕೈ ತೊಳೆದು, ನಡುವಿನ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ನಿಲ್ಲುವವರೆಗೆ ಕಾದೆ. ಆಮೇಲೆ, ಇನ್ನೊಂದು ಬಿಸಿ ರೊಟ್ಟಿ ಬೇಕೆಂದು ಕರೆದು ಹೇಳಿದೆ. ನನಗೆ ಹಸಿವಿರಲಿಲ್ಲ.